ಸಾಕ್ಷಿಯಿಲ್ಲದ ಸಂಸಾರ

ನಮ್ಮ ಕಳೆದ ಸಂಚಿಕೆಯ ಕತೆಯೊಂದರ ಮೇಲೆ ನೆರೆಯ ಪತ್ರಿಕೆಯವರಿಗೆ ಸಿಟ್ಟು ಬಂದಿದೆ. ಇಬ್ಬರು ಗಂಡಸರು ಸಂಸಾರ ಹೂಡುವುದು, ಅವರಲ್ಲೊಬ್ಬನಿಗೆ ಮರೆವಿನ ರೋಗ ಬರುವುದು, ಇದೆಲ್ಲ ಬೆಂಗಳೂರಿನ ಸರಕು, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಓದುಗರಿಗೆ ಯಾಕೆ ಎಂದು ಕೇಳಿದ್ದಾರೆ. ಇಂಥದೇ ಪ್ರೀತಿಯ ಕತೆಗಳ ಸಂಕಲನ, ವಸುಧೇಂದ್ರರ ‘ಮೋಹನಸ್ವಾಮಿ’ ಬಂದದ್ದು 2013ರಲ್ಲಿ. ಬರೆದವರು ಸಂಡೂರು ಕಡೆಯವರು. ಇಷ್ಟಾದ ಮೇಲೂ ಇದೇ ಪ್ರಶ್ನೆ ಕೇಳುವವರು ಕನ್ನಡ ಓದುವುದನ್ನು ಯಾವತ್ತೋ ಬಿಟ್ಟಿರಬೇಕು. ಪಾರಿಜಾತದಾಟದಲ್ಲಿ ಗಂಡಸರೇ ಸೀರೆ ಉಟ್ಟು ಭಾಮೆಯಾಗುತ್ತಿದ್ದರಲ್ಲ ಎಂದು ನಮ್ಮ ಪರವಾಗಿ ಬಂದ ಪತ್ರಗಳನ್ನೂ ಹಾಕುತ್ತಿಲ್ಲ. ವೇಷ ಬೇರೆ, ಸಂಸಾರ ಬೇರೆ.

ಪ್ರೀತಿಯಲ್ಲಿ ಮರೆವು ನಮಗೇನು ಹೊಸದೇ? ಚುರಮರಿ ಶೇಷಗಿರಿರಾಯರು ಶಾಕುಂತಲವನ್ನು ನಮ್ಮ ಕಡೆಯ ಮಾತಿಗೆ ತಂದು ನೂರೈವತ್ತು ವರ್ಷ ದಾಟಿತು. 1983ರ ‘ಕವಿರತ್ನ ಕಾಳಿದಾಸ’ದಲ್ಲಿ ರಾಜಕುಮಾರ್ ಕಟ್ಟಿಕೊಂಡವಳನ್ನು ಮರೆತರೆಂದು ಯಾರೂ ಟಾಕೀಸು ಬಿಟ್ಟು ಎದ್ದುಹೋಗಲಿಲ್ಲ. ಆದರೆ ದುಷ್ಯಂತನಿಗೆ ಉಂಗುರವಿತ್ತು. ಮದುವೆಯಾದವರಿಗೆ ಲಗ್ನಪತ್ರಿಕೆ, ಆಯೇರಿ ಬರೆದ ವಹಿ, ಸೋದರಮಾವ, ರೇಷನ್ ಕಾರ್ಡು ಇರುತ್ತವೆ. ಗಂಡ ಮರೆತರೂ ಊರು ಮರೆಯುವುದಿಲ್ಲ. ನಮ್ಮ ಕತೆಯ ಇಬ್ಬರ ಮದುವೆಗೆ ಅವರ ನೆನಪೇ ದಾಖಲೆ. ಒಬ್ಬ ಮರೆತರೆ ಅರ್ಧ ಮದುವೆ ಹೋಯಿತು.

ಕತೆಯಲ್ಲಿ ಇದು ಕಾಣುವ ಪುಟವನ್ನು ಟೀಕಾಕಾರರು ಓದಿದಂತಿಲ್ಲ. ಮುಂದೆ ಗಂಗಾಳವಿದೆ, ರೊಟ್ಟಿ ಮುರಿದು ಹಾಲಿಗೆ ಹಾಕಿಕೊಟ್ಟವನನ್ನೇ ನೋಡಿ ರೋಗಿ ಕೇಳುತ್ತಾನೆ: “ನೀವು ಯಾರ ಪೈಕಿರಿ?” ಇವನು ಓಣಿಗೆಲ್ಲ ಅಷ್ಟು ವರ್ಷ ಹೇಳಿಕೊಂಡು ಬಂದ ಸುಳ್ಳನ್ನೇ ಹೇಳುತ್ತಾನೆ: “ಮ್ಯಾಲಿನ ಖೋಲ್ಯಾಗ ಬಾಡಿಗಿ ಅದೀನ್ರಿ.” ಬೇರೆ ಉತ್ತರ ಅವನ ಬಾಯಿಗೆ ಬರುವುದಿಲ್ಲ. ಇದು ಅಗ್ಗದ ಗೋಳು ಎನ್ನುವವರ ಜೊತೆ ನನಗೆ ಮಾತಿಲ್ಲ.

ಕತೆಯ ಹೊರಗೂ ಇದೇ ಪಾಡು. ಸುಪ್ರೀಂ ಕೋರ್ಟು 2023ರ ಅಕ್ಟೋಬರ್ 17ರಂದು ಇಂಥ ಮದುವೆಗೆ ಕಾನೂನಿನ ಮಾನ್ಯತೆ ಕೊಡಲಿಲ್ಲ. 2025ರ ಜನವರಿಯಲ್ಲಿ ಮರುಪರಿಶೀಲನಾ ಅರ್ಜಿಗಳೂ ಬಿದ್ದುಹೋದವು. ನಡುವೆ, 2024ರ ಆಗಸ್ಟಿನಲ್ಲಿ, ಇಂಥ ಜೋಡಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು ಅಡ್ಡಿಯಿಲ್ಲ ಎಂದು ಕೇಂದ್ರ ಸರ್ಕಾರ ಸ್ಪಷ್ಟಪಡಿಸಿತು. ಪಾಸ್‌ಬುಕ್ಕಿನಲ್ಲಿ ಜೋಡಿ, ಓಣಿಯಲ್ಲಿ ಬಾಡಿಗೆದಾರ! ಇನ್ನೊಂದು ದಾರಿಯೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 14ನೇ ಕಲಮಿನ ಪ್ರಕಾರ, ಚಿಕಿತ್ಸೆಯ ಮಟ್ಟಿಗೆ ತನ್ನ ಪರವಾಗಿ ನಿಲ್ಲುವವರು ಯಾರೆಂದು ಬರೀ ಕಾಗದದ ಮೇಲೆ ಬರೆದು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಡಬಹುದು. ಅವರು ರಕ್ತಸಂಬಂಧಿಯೇ ಆಗಬೇಕಿಲ್ಲ. ಆದರೆ ಕಾಗದವನ್ನು ಬುದ್ಧಿ ನೆಟ್ಟಗಿರುವಾಗಲೇ ಬರೆದಿಡಬೇಕು. ನಮ್ಮ ಕತೆಗಾರರಲ್ಲಿ ಒಬ್ಬರಾದರೂ ಈ ಕಾಗದದ ಮೇಲೆ ಒಂದು ಕತೆ ಕಟ್ಟಬಾರದೇ?

ನೆರೆಯವರು ಹಿಡಿಯಬೇಕಿದ್ದ ದೋಷ ಬೇರೆಯೇ ಇತ್ತು. ಕತೆಗಾರ ರಬಕವಿಯ ಹುಡುಗ. ಜೋಡಿಯನ್ನು ಮಾತ್ರ ಬೆಂಗಳೂರಿನಲ್ಲಿ ಕೂಡ್ರಿಸಿದ್ದಾನೆ. ನಾಕೂ ತಾಲೂಕುಗಳ ಬರಹಗಾರರಿಗೆ ಇದೊಂದು ಚಟ: ಮಾವ ಸತ್ತರೆ ಊರಿನಲ್ಲಿ, ಪ್ರೀತಿ ಮಾಡಿದರೆ ಬೆಂಗಳೂರಿನಲ್ಲಿ. ಬನಹಟ್ಟಿಯ ನೇಕಾರ ಓಣಿಯಲ್ಲಿ ಮಗ್ಗದ ಸಪ್ಪಳಕ್ಕೆ ಪಕ್ಕದ ಮನೆಯ ಜಗಳ ಕೇಳುವುದಿಲ್ಲ. ಹೆಸರು, ಮುಖ ಮರೆತವನ ಕೈ ಹರಿದ ಎಳೆಯನ್ನು ಮರೆಯದೆ ಗಂಟು ಹಾಕಬಲ್ಲದು. ಮರೆವಿನ ರೋಗದಲ್ಲಿ ಕೈಯ ಕಸುಬು ಬಹಳ ತಡವಾಗಿ ಹೋಗುತ್ತದೆ. ಇಂಥ ಸಾಮಗ್ರಿ ಮನೆಬಾಗಿಲಲ್ಲಿ ಬಿದ್ದಿರುವಾಗ ಲಿಫ್ಟು, ಬಾಲ್ಕನಿ ಯಾಕೆ ಬೇಕು?

ಮುಂದಿನ ಸಂಚಿಕೆಯ ವಿಷಯ ‘ಮರೆವು’. ತಲೆಗೆ ಎರಡನೇ ಪೆಟ್ಟು ಬಿದ್ದು ನೆನಪು ಮರಳುವ ಕತೆಗಳನ್ನು ದಯವಿಟ್ಟು ಕಳಿಸಬೇಡಿ.