ಪಾಪದಲ್ಲಿ ಪಾಲುದಾರರು

ಬೇಡನೊಬ್ಬ ಋಷಿಯಾದ ಕಥೆಯನ್ನು ನಾವೆಲ್ಲ ಅಜ್ಜಿಯ ಬಾಯಿಂದ ಕೇಳಿದವರೇ. ದಾರಿ ದೋಚಿ ತಂದುದನ್ನು ಉಂಡ ಮನೆಯವರು, ಪಾಪದಲ್ಲಿ ಪಾಲುಂಟೆ ಎಂದಾಗ ಇಲ್ಲವೆಂದುಬಿಟ್ಟರು. ಆತ ತಪಸ್ಸಿಗೆ ಕುಳಿತದ್ದು ನಮಗೆ ನೆನಪಿದೆ. ಆ ಮನೆಯವರನ್ನು ಮಾತ್ರ ಮರೆತುಬಿಡುತ್ತೇವೆ.

ಉತ್ತರ ಐರ್ಲೆಂಡಿನ ಗಸ್ಟಿ ಸ್ಪೆನ್ಸನ ಕಥೆ ಹೇಳುವವರೂ ಹೀಗೆಯೇ ಮಾಡುತ್ತಾರೆ. ನನ್ನ ತಕರಾರು ಇರುವುದು ಇಲ್ಲಿ.

1933ರಲ್ಲಿ ಬೆಲ್‌ಫಾಸ್ಟಿನ ಶಾಂಕಿಲ್ ರಸ್ತೆಯ ಬಡ ಪ್ರಾಟೆಸ್ಟೆಂಟ್ ಕುಟುಂಬದಲ್ಲಿ ಹುಟ್ಟಿದ ಸ್ಪೆನ್ಸ್, ಬ್ರಿಟಿಷ್ ಸೈನ್ಯದಲ್ಲಿದ್ದು ಸೈಪ್ರಸ್ ಕಂಡು ಬಂದವನು. 1965ರಲ್ಲಿ ಇಬ್ಬರು ಬಂದು ತನ್ನನ್ನು 'ಅಲ್‌ಸ್ಟರ್ ವಾಲಂಟಿಯರ್ ಫೋರ್ಸ್' ಎಂಬ ಖಾಸಗಿ ಪಡೆಗೆ ಕರೆದರು, ಅವರಲ್ಲೊಬ್ಬ ಆಳುವ ಯೂನಿಯನಿಸ್ಟ್ ಪಕ್ಷದ ರಾಜಕಾರಣಿ ಎಂದು ಆತನೇ ಮುಂದೆ ಹೇಳಿಕೊಂಡ. 1966ರ ಮೇ ತಿಂಗಳಲ್ಲಿ ಆ ಪಡೆ ಐ.ಆರ್.ಎ. ಮೇಲೆ ಯುದ್ಧ ಸಾರಿತು. ಐ.ಆರ್.ಎ. ತನ್ನ ಗಡಿ ಹೋರಾಟವನ್ನು 1962ರಲ್ಲೇ ಕೈಬಿಟ್ಟಿತ್ತು! ಶತ್ರು ಇದ್ದುದು ಬೀದಿಯಲ್ಲಿ ಅಲ್ಲ, ಭಾಷಣದ ವೇದಿಕೆಯಲ್ಲಿ. ಮತಕ್ಕೆ ಅಪಾಯ ಬಂತೆಂದು ಅಲ್ಲಿ ಗುಡುಗುತ್ತಿದ್ದವರಲ್ಲಿ ಪಾದ್ರಿ ಇಯಾನ್ ಪೇಸ್ಲಿ ಮುಂದಾಳು.

ಯುದ್ಧಕ್ಕೆ ಬಲಿಯಾದವರು ಯಾರು? ಮದ್ಯದಂಗಡಿಯಿಂದ ಹೊರಬರುತ್ತಿದ್ದ 18 ವರ್ಷದ ಕೆಥೊಲಿಕ್ ಹುಡುಗ. ಪಕ್ಕದ ಕೆಥೊಲಿಕ್ ಅಂಗಡಿಗೆಂದು ಎಸೆದ ಪೆಟ್ರೋಲ್ ಬಾಂಬು ತನ್ನ ಮನೆಗೆ ಬಿದ್ದು ಸುಟ್ಟುಹೋದ 77 ವರ್ಷದ ಮುದುಕಿ. ಆಕೆ ಪ್ರಾಟೆಸ್ಟೆಂಟಳು; ಪಡೆ ಕಾಪಾಡಹೊರಟದ್ದು ಆಕೆಯ ಮತವನ್ನೇ.

ಹುಡುಗನ ಕೊಲೆಗಾಗಿ ಸ್ಪೆನ್ಸನಿಗೆ ಜೀವಾವಧಿ ಶಿಕ್ಷೆಯಾಯಿತು. ಆ ಕೊಲೆ ತನ್ನದಲ್ಲವೆಂದೇ ಆತ ಹೇಳುತ್ತ ಬಂದ. ಲಾಂಗ್ ಕೆಶ್ ಸೆರೆಯಲ್ಲಿ ತನ್ನವರ ದಳಪತಿಯಾಗಿದ್ದೂ ಕ್ರಮೇಣ ಕೋವಿಯಲ್ಲಿ ನಂಬಿಕೆ ಕಳೆದುಕೊಂಡ. 1984ರಲ್ಲಿ ಬಿಡುಗಡೆಯಾಗಿ, 1994ರ ಅಕ್ಟೋಬರ್ 13ರಂದು ಕದನವಿರಾಮದ ಹೇಳಿಕೆ ಓದಿದ. ನಿರಪರಾಧಿಗಳ ಮನೆಯವರ ಮುಂದೆ ಪಶ್ಚಾತ್ತಾಪ ವ್ಯಕ್ತಪಡಿಸಿದ. 2011ರಲ್ಲಿ ತೀರಿಕೊಂಡ.

ಕೊಂದವನ ಹೊಣೆ ಕೊಂದವನದೇ ಎನ್ನುವಿರಾ? ಒಪ್ಪಿದೆ. ಸ್ಪೆನ್ಸನನ್ನು ಋಷಿ ಮಾಡಲು ನಾನು ಹೊರಟಿಲ್ಲ. ಆದರೆ ಹೊಣೆ ಅವನೊಬ್ಬನದೇ ಎಂಬುದನ್ನು ಮಾತ್ರ ಒಪ್ಪಲಾರೆ. ಅವನನ್ನು ಕರೆದ ಆ ರಾಜಕಾರಣಿಯನ್ನು ಯಾವ ಕಟಕಟೆಯೂ ಕಾಣಲಿಲ್ಲ. ಹಿಂಸೆ ತನ್ನದಲ್ಲವೆಂದ ಪೇಸ್ಲಿ, 2007ರಲ್ಲಿ ಹಳೆಯ ವೈರಿಗಳೊಡನೆ ಕೂತು ಆ ನಾಡಿನ ಪ್ರಥಮ ಮಂತ್ರಿಯೇ ಆದರು. ಒಳ್ಳೆಯದೇ ಆಯಿತು, ಆದರೆ ಅಷ್ಟರಲ್ಲಿ ಸುಮಾರು 3,500 ಜನ ಸತ್ತಿದ್ದರು.

ಸೆರೆಗೆ ಹೊಸದಾಗಿ ಬಂದ ಡೇವಿಡ್ ಅರ್ವಿನ್ ಎಂಬ ತರುಣನನ್ನು ಸ್ಪೆನ್ಸ್ ಕೇಳಿದನಂತೆ: ಇಲ್ಲಿಗೇಕೆ ಬಂದೆ? ಸ್ಫೋಟಕ ಇಟ್ಟುಕೊಂಡಿದ್ದಕ್ಕೆ ಎಂದು ಉತ್ತರ. ಅದಲ್ಲ, ಇಲ್ಲಿಗೇಕೆ ಬಂದೆ ಎಂದು ಮತ್ತೆ ಅದೇ ಪ್ರಶ್ನೆ. ಆ ತರುಣ ಮುಂದೆ ಶಾಂತಿಯ ರಾಜಕಾರಣಕ್ಕೆ ಬಂದ.

ಸೆರೆಯೊಳಗಿನವರನ್ನು ಈ ಪ್ರಶ್ನೆ ಕೇಳಲು ಒಬ್ಬನಿದ್ದ. ಭಾಷಣಕ್ಕೆ ಚಪ್ಪಾಳೆ ತಟ್ಟಿ, ಮನೆಗೆ ಹೋಗಿ ಉಂಡು ಮಲಗಿದವರನ್ನು ಕೇಳುವವರು ಯಾರು?