ಹೊಸ ಒಡಲಿಗೆ ಹಳೆಯ ಹೆಸರೆ?

ಕಿರಂಗೂರಿಗೆ ಸಮೀಪದ ಮೈಸೂರಿನಲ್ಲಿ 1961ರಲ್ಲಿ ಆರಂಭಗೊಂಡ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿತಷ್ಟೆ. ಅದರ ಮೋಟಾರ್ ಸೈಕಲುಗಳ ಜೀರ್ಣೋದ್ಧಾರವು ಇಂದು ಅನೇಕರಿಗೆ ಪ್ರಿಯವಾದ ಹವ್ಯಾಸ. ಸವೆದ ಬಿಡಿಭಾಗಗಳನ್ನು ಬದಲಿಸಿದರೆ ದೋಷವಿಲ್ಲ. ಆದರೆ ತುಕ್ಕು ತಿಂದ ಚಾಸಿಸ್ಸಿನ ಸಂಖ್ಯೆಯನ್ನು ಬೇರೊಂದರ ಮೇಲೆ ಅಚ್ಚೊತ್ತಿ, ಅದನ್ನೇ ಮೂಲವಾಹನವೆಂದು ಮಾರುವುದು ಜೀರ್ಣೋದ್ಧಾರವೆನಿಸದು, ಅದು ವಂಚನೆ. 50 ವರ್ಷ ಮೀರಿದ ವಾಹನಕ್ಕೆ ವಿಂಟೇಜ್ ಮನ್ನಣೆ ದೊರೆಯಲು ಚಾಸಿಸ್, ಕವಚ, ಎಂಜಿನ್ನುಗಳು ಮಾರ್ಪಾಟಾಗಿರಕೂಡದೆಂದು 2021ರ ಕೇಂದ್ರ ನಿಯಮವೂ ವಿಧಿಸಿದೆ.

ಲೋಹವಾದರೂ ಸುಲಭವಾಗಿ ಸುಳ್ಳಾಡದು. ಅಚ್ಚಿನ ಪೆಟ್ಟಿನಿಂದ ಮೇಲ್ಮೈಯ ಕೆಳಗಿನ ಹರಳುಗಳೂ ವಿರೂಪಗೊಳ್ಳುವುದರಿಂದ, ಉಜ್ಜಿ ಅಳಿಸಿದ ಸಂಖ್ಯೆಯನ್ನು ಆಮ್ಲದ ಲೇಪನವು ಹಲವೊಮ್ಮೆ ಮತ್ತೆ ಕಾಣುವಂತೆ ಮಾಡುತ್ತದೆ. ಬದಲಿಸಿದ ಭಾಗಗಳನ್ನೆಲ್ಲ ಬರೆದಿಟ್ಟು, ಕೊಳ್ಳುವವರಿಗೆ ತೋರಿಸುವ ಪದ್ಧತಿಯು ನಮ್ಮಲ್ಲಿ ಬೆಳೆಯಬೇಕು. ಹೊಸ ಒಡಲನ್ನು ಹೊಸದೆಂದೇ ಹೇಳಿದರೆ ಹಳೆಯದರ ಬೆಲೆ ಉಳಿಯುತ್ತದೆ.