ಗಾಯ ಮಾಯುವ ಮುನ್ನ ಹುಡುಗರನ್ನು ಗ್ರೌಂಡಿಗೆ ಇಳಿಸಬೇಡಿ!

ಗೌತಮಪುರ, ಹಲಸೂರು, ಆಸ್ಟಿನ್ ಟೌನ್‌ನ ಫುಟ್‌ಬಾಲ್ ಬಂಧುಗಳೇ, ಕೋಚ್‌ಗಳೇ, ಆಡುವ ಮಕ್ಕಳ ತಾಯಿ ತಂದೆಯರೇ,

“ಇದೊಂದು ಮ್ಯಾಚ್ ಆಡಿಬಿಡು ಮಗಾ, ಆಮೇಲೆ ರೆಸ್ಟ್ ತಗೋ.”

ಪ್ರತಿ ಟೂರ್ನಿಯಲ್ಲೂ ನಮ್ಮ ಗ್ರೌಂಡುಗಳಲ್ಲಿ ಈ ಮಾತು ಕೇಳುತ್ತೇವೆ. ಊದಿಕೊಂಡ ಪಾದದ ಗಂಟಿಗೆ ಸ್ಪ್ರೇ ಹೊಡೆದು, ಕ್ರೇಪ್ ಬ್ಯಾಂಡೇಜ್ ಬಿಗಿದು, ಒಂದು ಮಾತ್ರೆ ನುಂಗಿಸಿ ಹುಡುಗನನ್ನು ಮತ್ತೆ ಒಳಗೆ ಕಳಿಸುತ್ತೇವೆ. ಅವನು ಕುಂಟುತ್ತಲೇ ಗೋಲು ಹೊಡೆದರೆ ಹೆಗಲ ಮೇಲೆ ಹೊತ್ತು ಕುಣಿಯುತ್ತೇವೆ. ಈ ಸಲದ ಟೂರ್ನಿ ಶುರುವಾಗುವ ಮೊದಲು, ಹಾಲೆಂಡಿನ ಮಾರ್ಕೊ ವಾನ್ ಬಾಸ್ಟನ್‌ಗೆ ಏನಾಯಿತೆಂದು ದಯವಿಟ್ಟು ಓದಿ.

1988ರ ಯೂರೋ ಫೈನಲ್‌ನಲ್ಲಿ ಸೋವಿಯತ್ ಒಕ್ಕೂಟದ ವಿರುದ್ಧ, ಗೋಲ್‌ಪೋಸ್ಟಿನ ಓರೆಯಿಂದ, ಮೇಲಿನಿಂದ ಇಳಿದ ಚೆಂಡನ್ನು ನೆಲ ಮುಟ್ಟುವ ಮುನ್ನವೇ ಒಳಗೆ ಬಾರಿಸಿದವರು ಅವರು. ನಮ್ಮ ಹುಡುಗರು ಆ ಗೋಲನ್ನು ಇವತ್ತಿಗೂ ಮೊಬೈಲಿನಲ್ಲಿ ನೋಡುತ್ತಾರೆ. 1988, 1989, 1992 ಹೀಗೆ ಮೂರು ಸಲ ಬ್ಯಾಲನ್ ಡಿ’ಓರ್ ಗೆದ್ದ ಆಟಗಾರ.

1986ರ ಡಿಸೆಂಬರಿನಲ್ಲಿ ಅಜಾಕ್ಸ್ ಪರ ಆಡುವಾಗ, ತಾವೇ ಹಾಕಿದ ಒಂದು ಟ್ಯಾಕಲ್‌ನಲ್ಲಿ ಅವರ ಪಾದದ ಗಂಟಿಗೆ ಪೆಟ್ಟಾಯಿತು. ನೋವು ಹೋಗಲಿಲ್ಲ. ಆದರೆ ಯುರೋಪಿಯನ್ ಪಂದ್ಯಗಳಿಗೆ ತಂಡಕ್ಕೆ ಅವರು ಬೇಕಾಗಿತ್ತು, ಆಡಿದರು. 1987ರ ಮೇ ತಿಂಗಳಲ್ಲಿ ಅಥೆನ್ಸ್‌ನಲ್ಲಿ ನಡೆದ ಕಪ್ ವಿನ್ನರ್ಸ್ ಕಪ್ ಫೈನಲ್‌ನ ಏಕೈಕ ಗೋಲು ಅವರದೇ. ಕಪ್ಪೇನೋ ಬಂತು, ಕಾಲು ಸುಧಾರಿಸಲೇ ಇಲ್ಲ. ಎಸಿ ಮಿಲಾನ್ ಸೇರಿದ ಮೊದಲ ವರ್ಷ ಲೀಗ್‌ನಲ್ಲಿ ಆಡಲಾದದ್ದು 11 ಪಂದ್ಯ ಮಾತ್ರ. ಆಮೇಲೆ ಆಪರೇಷನ್ ಮೇಲೆ ಆಪರೇಷನ್. 1993ರ ಮೇ 26ರಂದು ಮ್ಯೂನಿಕ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ಆಡಿದಾಗ ವಯಸ್ಸು ಬರೀ 28. ಅದೇ ಕೊನೆಯ ಪಂದ್ಯ. ಎರಡು ವರ್ಷ ಒದ್ದಾಡಿ, 1995ರ ಆಗಸ್ಟ್‌ನಲ್ಲಿ ವಿದಾಯ ಹೇಳಿದರು. ಮಾಮೂಲಿ ಜಾಕೆಟ್ ತೊಟ್ಟು, ಕೈ ಬೀಸುತ್ತ ಸ್ಯಾನ್ ಸಿರೋ ಮೈದಾನದಲ್ಲಿ ನಡೆದರು. ಬೆಂಚಿನಲ್ಲಿದ್ದ ಕೋಚ್ ಕಪೆಲ್ಲೊ ಅತ್ತುಬಿಟ್ಟರು. ಆ ದಿನಗಳಲ್ಲಿ ರಾತ್ರಿ ಎದ್ದರೆ ಬಚ್ಚಲಿಗೂ ತೆವಳಿಕೊಂಡೇ ಹೋಗುತ್ತಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. ನೋವು ತಡೆಯಲಾಗದೆ ಕೊನೆಗೆ ಆ ಕೀಲಿನ ಮೂಳೆಗಳನ್ನೇ ಒಂದಕ್ಕೊಂದು ಬೆಸೆಯಬೇಕಾಯಿತು.

ಕೀಲಿನೊಳಗೆ ಮೂಳೆಯ ತುದಿಗೆ ಮೆತ್ತೆಯ ಹಾಗೆ ಮೃದ್ವಸ್ಥಿ ಇರುತ್ತದೆ. ಒಮ್ಮೆ ಸವೆದರೆ ಅದು ಮೊದಲಿನಂತೆ ಬೆಳೆಯುವುದಿಲ್ಲ. ಮಾತ್ರೆ ನುಂಗಿದರೆ ನೋವು ಅಡಗುತ್ತದೆ, ಸವೆತ ಮುಂದುವರಿಯುತ್ತದೆ. ಮಿಲಾನ್‌ನಂಥ ಶ್ರೀಮಂತ ಕ್ಲಬ್ಬು ಬೆನ್ನಿಗಿದ್ದವರ ಗತಿಯೇ ಹೀಗಾದರೆ, ಆಟೋ ಓಡಿಸುವ ಅಪ್ಪ, ಮನೆಗೆಲಸಕ್ಕೆ ಹೋಗುವ ಅಮ್ಮ ಇರುವ ನಮ್ಮ ಹುಡುಗನ ಗತಿಯೇನು?

ಪೇಲೆ ಪ್ರತಿಮೆ ನಿಲ್ಲಿಸಿಕೊಂಡ ಗೌತಮಪುರಕ್ಕೆ ಬ್ರೆಜಿಲ್‌ನ ರೊನಾಲ್ಡೊ ಗೊತ್ತೇ ಇದ್ದಾರೆ. ಮಂಡಿ ಆಪರೇಷನ್ ಆಗಿ ತಿಂಗಳುಗಟ್ಟಲೆ ಹೊರಗಿದ್ದು, 2000ದ ಏಪ್ರಿಲ್ 12ರಂದು ರೋಮ್‌ನಲ್ಲಿ ಮೈದಾನಕ್ಕೆ ಇಳಿದ ಕೆಲವೇ ನಿಮಿಷಗಳಲ್ಲಿ ಅದೇ ಮಂಡಿ ಮತ್ತೆ ಕೈಕೊಟ್ಟಿತು. ಈ ಸಲ ಒಂದು ವರ್ಷಕ್ಕೂ ಹೆಚ್ಚು ಕಾಲ ಕಾದರು. 2002ರ ವಿಶ್ವಕಪ್‌ನಲ್ಲಿ 8 ಗೋಲು ಹೊಡೆದರು, ಅದರಲ್ಲಿ ಎರಡು ಫೈನಲ್‌ನಲ್ಲಿ.

ಕೋಚ್‌ಗಳೇ, ಮಂಡಿ ತಿರುಚಿದಾಗ ‘ಟಪ್’ ಅಂತ ಸದ್ದಾಗಿ, ಕೆಲವೇ ಗಂಟೆಗಳಲ್ಲಿ ಊದಿಕೊಂಡು, ಹೆಜ್ಜೆ ಇಟ್ಟಾಗ ಮಂಡಿ ಜಾರಿದಂತಾದರೆ ಅದು ಬರೀ ಉಳುಕಲ್ಲ, ಲಿಗಮೆಂಟ್ ಹರಿದಿರಬಹುದು. ಎಣ್ಣೆ ಹಚ್ಚಿ ನೀವಬೇಡಿ, ಎಳೆಯಬೇಡಿ. ಐಸ್ ಇಟ್ಟು ಮೂಳೆ ಡಾಕ್ಟರ ಬಳಿ ಕರೆದೊಯ್ಯಿರಿ. ದುಡ್ಡಿಲ್ಲವೆಂದು ಸುಮ್ಮನಾಗಬೇಡಿ, ನಗರದಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. ಮಂಡಿಯೊಳಗಿನ ಎಸಿಎಲ್ ಎಂಬ ಲಿಗಮೆಂಟಿನ ಆಪರೇಷನ್ ಆದವರು ಕನಿಷ್ಠ ಒಂಬತ್ತು ತಿಂಗಳು ಮ್ಯಾಚ್ ಆಡಕೂಡದು. ತಲೆಗೆ ಏಟು ಬಿದ್ದು ಮಂಕಾದವನನ್ನು ಆ ದಿನ ಮತ್ತೆ ಆಡಿಸಲೇಬೇಡಿ.

ಟೂರ್ನಿ ನಡೆಸುವವರೇ, 2004ರ ಡಿಸೆಂಬರ್ 5ರಂದು ನಮ್ಮ ಕಂಠೀರವ ಸ್ಟೇಡಿಯಂನಲ್ಲೇ ಡೆಂಪೊ ತಂಡದ ಕ್ರಿಸ್ಟಿಯಾನೊ ಜೂನಿಯರ್ ಗೋಲು ಹೊಡೆಯುವಾಗ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಕುಸಿದರು, ಬದುಕಲಿಲ್ಲ. ಫೆಡರೇಷನ್ ಕಪ್ ಫೈನಲ್ ಅದು. ಅಂಥ ಪಂದ್ಯದಲ್ಲಿ ಆದದ್ದು ನಮ್ಮ ಗ್ರೌಂಡಿನಲ್ಲೂ ಆಗಬಹುದು. ಆದ್ದರಿಂದ ಟ್ರೋಫಿ, ಫ್ಲೆಕ್ಸ್, ಪಟಾಕಿಗೆ ದುಡ್ಡು ತೆಗೆದಿಡುವ ಮೊದಲು ಪ್ರಥಮ ಚಿಕಿತ್ಸೆ ಬಲ್ಲವರೊಬ್ಬರಿಗೆ, ಗೇಟಿನ ಬಳಿ ನಿಲ್ಲುವ ಒಂದು ಆಂಬುಲೆನ್ಸಿಗೆ ದುಡ್ಡು ತೆಗೆದಿಡಿ. ಆಂಬುಲೆನ್ಸ್ ಒಳಗೆ ಬರುವ ದಾರಿಯಲ್ಲಿ ಬೈಕು ನಿಲ್ಲಿಸಲು ಬಿಡಬೇಡಿ.

ಇನ್ನು ಗಾಯವಾಗದಂತೆ ತಡೆಯಲು ಆಟಕ್ಕೆ ಮುಂಚೆ ಮಾಡುವ ಫಿಫಾದ ‘11 ಪ್ಲಸ್’ ವ್ಯಾಯಾಮಕ್ಕೆ ಬೇಕಾದ್ದು 20 ನಿಮಿಷ ಮತ್ತು ಒಂದು ಚೆಂಡು, ಅಷ್ಟೇ. ಅದನ್ನು ತಪ್ಪದೆ ಮಾಡಿದ ತಂಡಗಳಲ್ಲಿ ಗಾಯಗಳು ಕಡಿಮೆಯಾಗಿರುವುದು ಅಧ್ಯಯನಗಳಲ್ಲಿ ಕಂಡುಬಂದಿದೆ.

ಈ ಭಾನುವಾರ ಬೆಳಿಗ್ಗೆ 6.30ಕ್ಕೆ ಪೇಲೆ ಪ್ರತಿಮೆಯ ಬಳಿ ಸೇರೋಣ. ವ್ಯಾಯಾಮ ಕಲಿಸುತ್ತೇವೆ, ಹುಡುಗರನ್ನು ಬೂಟು ಸಮೇತ ಕಳಿಸಿ. “ಡಾಕ್ಟರು ಬೇಡವೆಂದ ಆಟಗಾರನನ್ನು ನಮ್ಮ ತಂಡ ಇಳಿಸುವುದಿಲ್ಲ” ಎಂದು ಬರೆದ ಹಾಳೆ ಅಲ್ಲಿರುತ್ತದೆ. ಪ್ರತಿ ಕ್ಲಬ್ಬಿನ ಕೋಚ್, ಕ್ಯಾಪ್ಟನ್ ಬಂದು ಸಹಿ ಹಾಕಬೇಕು. ಸಹಿ ಹಾಕದ ತಂಡಕ್ಕೆ ಈ ಸಲ ಎಂಟ್ರಿ ಕೊಡಬೇಡಿ ಎಂದು ಟೂರ್ನಿ ಸಮಿತಿಯವರನ್ನು ನಾವೆಲ್ಲ ಒಟ್ಟಾಗಿ ಕೇಳೋಣ.

— ಬಡಾವಣೆಯ ಫುಟ್‌ಬಾಲ್ ಪ್ರೇಮಿಗಳು